ಒಬ್ಬಂಟಿ ಪಯಣಿಗನ ಕಡಲ ದಾರಿ

ತೆರಕಣಾಂಬಿಯಲ್ಲಿ ಬಸ್ಸಿಗಾಗಿ ಕಾದು ನಿಂತವನ ಮುಂದೆ ಎರಡು ದಿಕ್ಕುಗಳಿವೆ. ಮೂಡಲಿಗೆ ಹೊರಟರೆ ಚಾಮರಾಜನಗರ. ಪಡುವಲಿಗೆ ಹೊರಟರೆ ಸುಮಾರು 12 ಕಿಲೋಮೀಟರು ದೂರದಲ್ಲಿ ಗುಂಡ್ಲುಪೇಟೆ. ಪಡುವಲ ಬಸ್ಸನ್ನು ಹತ್ತಿದವನು ಗುಂಡ್ಲುಪೇಟೆಯಲ್ಲಿ ಇಳಿದು, ಮನೆಯ ಕಡೆಗೆ ತಿರುಗದೆ ಕೋಳಿಕ್ಕೋಡಿನ ಬಸ್ಸು ಹಿಡಿದನಾದರೆ, ಅದೇ ದಿನ ಸಂಜೆ ಅರಬ್ಬೀ ಸಮುದ್ರದಲ್ಲಿ ಸೂರ್ಯನು ಮುಳುಗುವುದನ್ನು ಕಾಣಬಹುದು. ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ದಾರಿ 150 ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಇಷ್ಟು ದೂರದೊಳಗೆ ಮಾತು ಬದಲಾಗುತ್ತದೆ, ಊಟ ಬದಲಾಗುತ್ತದೆ, ಮಣ್ಣಿನ ಬಣ್ಣವೂ ಮಳೆಯ ಬಗೆಯೂ ಬದಲಾಗುತ್ತವೆ. ಬಯಲುಸೀಮೆಯವರಿಗೆ ಘಟ್ಟದ ಕೆಳಗಿನದು ಬಹುಕಾಲದಿಂದಲೂ ಪರದೇಶವೇ.

ಗೊತ್ತುಗುರಿಯಿಲ್ಲದೆ, ಜೊತೆಗಾರರಿಲ್ಲದೆ ಪರದೇಶದ ಕಡಲತೀರದಲ್ಲಿ ಅಲೆಯುವ ಆಸೆ ಅನೇಕರಿಗೆ ಉಂಟು. ಅದನ್ನು ಬಾಯಿಬಿಟ್ಟು ಆಡುವವರು ಕಡಿಮೆ, ಆಡಿದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, “ಒಬ್ಬರೇ ಹೇಗೆ?” ಎಂಬುದು. ಈ ಪ್ರಶ್ನೆಯನ್ನು ಹೆದರಿಕೆಯೆಂದು ತಳ್ಳಿಹಾಕಲಾಗದು. ಒಬ್ಬಂಟಿಯಾಗಿ ಹೊರಟವನು ಯಾರನ್ನು ನಂಬಿ ಹೊರಡುತ್ತಾನೆ? ಈ ದಾರಿಯೂ, ಇದು ಹೋಗಿ ಮುಟ್ಟುವ ಕರಾವಳಿಯೂ ಅದಕ್ಕೆ ಉತ್ತರ ಹೇಳಬಲ್ಲವು.

ಘಟ್ಟ ಇಳಿಯುವ ಮುನ್ನ

ತೆರಕಣಾಂಬಿಯು ಈಗ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿಯ ಊರು. ಒಂದು ಕಾಲದಲ್ಲಿ ಅದು ಸೀಮೆಯೊಂದಕ್ಕೆ ಹೆಸರು ಕೊಟ್ಟ ಪಟ್ಟಣವಾಗಿತ್ತು. ವಿಜಯನಗರದ ಅರಸರ ಆಳ್ವಿಕೆಯನ್ನೂ ಉಮ್ಮತ್ತೂರಿನ ಪಾಳೆಯಗಾರರ ಹಿಡಿತವನ್ನೂ ಕಂಡು, 17ನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಒಡೆಯರ ವಶಕ್ಕೆ ಬಂದಿತು. ಘಟ್ಟದ ಮೇಲಿನ ಧಾನ್ಯವೂ ಘಟ್ಟದ ಕೆಳಗಿನ ಮೆಣಸೂ ಕೈ ಬದಲಾಯಿಸುತ್ತಿದ್ದ ಈ ಸೀಮೆಗೆ ದಾರಿಹೋಕರು ಹೊಸಬರಲ್ಲ. ಇಂದಿಗೂ ಗುಂಡ್ಲುಪೇಟೆಯ ಸುತ್ತಿನ ತರಕಾರಿಯೂ ಚೆಂಡುಹೂವೂ ಲಾರಿಗಳಲ್ಲಿ ಇದೇ ದಾರಿಯಾಗಿ ಕೇರಳಕ್ಕೆ ಇಳಿಯುತ್ತವೆ. ಆಷಾಢ ಶ್ರಾವಣಗಳಲ್ಲಿ ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳನ್ನು ನೋಡಲೆಂದೇ ಮಲೆಯಾಳಿಗಳು ಸಂಸಾರ ಸಮೇತರಾಗಿ ಘಟ್ಟ ಹತ್ತಿ ಬರುತ್ತಾರೆ. ನಮಗೆ ಅವರ ಕಡಲು ಹೇಗೋ, ಅವರಿಗೆ ನಮ್ಮ ಹೊಲಗಳು ಹಾಗೆ.

ಗುಂಡ್ಲುಪೇಟೆಯನ್ನು ದಾಟಿದೊಡನೆ ಪಯಣಿಗನು ಮೊದಲನೆಯ ಪಾಠವನ್ನು ಕಲಿಯಬೇಕಾಗುತ್ತದೆ. ಇಲ್ಲಿಂದ ಮುಂದಿನದು ಬಂಡೀಪುರದ ಕಾಡು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಸೇರಿದ ಮೊದಲ ಕಾಡುಗಳಲ್ಲಿ ಇದೂ ಒಂದು. ರಾತ್ರಿಯ ವೇಳೆ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ, 2009ರಲ್ಲಿ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ಗೊತ್ತುಪಡಿಸಿದ ಕೆಲವು ಬಸ್ಸುಗಳು ಮತ್ತು ತುರ್ತು ವಾಹನಗಳ ಹೊರತು ಯಾರಿಗೂ ಆಗ ದಾರಿಯಿಲ್ಲ. ಆದುದರಿಂದ, ಯಾವ ಯೋಜನೆಯೂ ಇಲ್ಲದೆ ಹೊರಟವನು ಕೂಡ ಒಂದು ವಿಷಯವನ್ನು ಮಾತ್ರ ಮೊದಲೇ ತಿಳಿದಿರಬೇಕು: ಹೊತ್ತು ಮುಳುಗಿದ ಮೇಲೆ ಈ ದಾರಿ ಮನುಷ್ಯರದಲ್ಲ. ಹಗಲಿನಲ್ಲಿಯೂ ಕಾಡಿನ ನಡುವೆ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ಆನೆಗಳು ದಾರಿ ದಾಟುವಾಗ ದೂರದಲ್ಲಿಯೇ ನಿಂತು ಕಾಯಬೇಕು.

ಮೂಲೆಹೊಳೆಯ ತನಿಖಾ ಠಾಣೆಯಲ್ಲಿ ಕರ್ನಾಟಕ ಮುಗಿಯುತ್ತದೆ. ಮುತ್ತಂಗದ ಕಾಡು ಕಳೆದ ಮೇಲೆ ಸುಲ್ತಾನ್ ಬತ್ತೇರಿ. ಟಿಪ್ಪುಸುಲ್ತಾನನ ತೋಪುಖಾನೆಯಿಂದ ಬಂದ ಹೆಸರು ಇದು. ಊರಿನ ಹಿಂದಿನ ಹೆಸರು ಗಣಪತಿವಟ್ಟಂ. ಇಲ್ಲಿನ ಹಳೆಯ ಕಲ್ಲುಬಸದಿಯ ಮುಂದೆ ನಿಂತ ಕನ್ನಡಿಗನಿಗೆ ಪರದೇಶಕ್ಕೆ ಬಂದೆನೆಂಬ ಭಾವನೆ ಅರೆಗಳಿಗೆ ಮರೆತುಹೋಗುತ್ತದೆ. ಕಂಬಗಳ ಕೆತ್ತನೆ ಅವನಿಗೆ ಪರಿಚಿತವಾದದ್ದೇ. ಕನ್ನಡನಾಡಿನಿಂದ ಘಟ್ಟದ ಅಂಚಿಗೆ ಬಂದು ನೆಲೆಸಿದ ಜೈನ ಕುಟುಂಬಗಳು ಇಂದಿಗೂ ವಯನಾಡಿನಲ್ಲಿವೆ.

ಸರಪಳಿಯ ಮರ

ವೈತಿರಿಯನ್ನು ದಾಟಿ ಲಕ್ಕಿಡಿಗೆ ಬಂದರೆ ನೆಲವೇ ಕುಸಿದಂತೆ ಘಟ್ಟ ಕೆಳಗಿಳಿಯುತ್ತದೆ. ಇದು ತಾಮರಶ್ಶೇರಿಯ ಚುರಂ. ಚುರಂ ಎಂದರೆ ಕಣಿವೆಯ ದಾರಿ. ಒಂಬತ್ತು ಕಡಿದಾದ ತಿರುವುಗಳಲ್ಲಿ ಬಸ್ಸು ಸುತ್ತುತ್ತ ಸುತ್ತುತ್ತ ಅಡಿವಾರಂ ಎಂಬ ತಪ್ಪಲಿನ ಊರನ್ನು ಸೇರುತ್ತದೆ. ಮಳೆಯ ನೆರಳಿನ ಸೀಮೆಯಾದ ಗುಂಡ್ಲುಪೇಟೆಯಿಂದ ಬೆಳಿಗ್ಗೆ ಹೊರಟವನು, ಕೇರಳದಲ್ಲಿ ಬಹು ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದಾದ ಲಕ್ಕಿಡಿಯಲ್ಲಿ ಮಧ್ಯಾಹ್ನಕ್ಕೆ ನಿಂತಿರುತ್ತಾನೆ.

ಇಲ್ಲಿ ರಸ್ತೆಯ ಬದಿಯಲ್ಲಿ ಸರಪಳಿ ಬಿಗಿದ ಮರವೊಂದಿದೆ. ಅದಕ್ಕೆ ಸಂಬಂಧಿಸಿದ ಐತಿಹ್ಯವನ್ನು ಸ್ಥಳೀಯರು ಹೀಗೆ ಹೇಳುತ್ತಾರೆ. ಘಟ್ಟಕ್ಕೆ ದಾರಿ ಹುಡುಕುತ್ತ ಬಂದು ಸೋತ ಆಂಗ್ಲ ಇಂಜಿನಿಯರನೊಬ್ಬನಿಗೆ ಕರಿಂತಂಡನೆಂಬ ಪಣಿಯ ಕುಲದ ಆದಿವಾಸಿಯು ತನ್ನ ದನಗಳು ಓಡಾಡುವ ಜಾಡನ್ನು ತೋರಿಸಿಕೊಟ್ಟನು. ದಾರಿ ಕಂಡುಹಿಡಿದ ಕೀರ್ತಿ ತನಗೊಬ್ಬನಿಗೇ ಸಲ್ಲಬೇಕೆಂದು ಆ ಇಂಜಿನಿಯರನು ಅವನನ್ನು ಕೊಂದುಬಿಟ್ಟನು. ಕರಿಂತಂಡನ ಆತ್ಮವು ದಾರಿಹೋಕರನ್ನು ಕಾಡತೊಡಗಿದಾಗ ಮಂತ್ರವಾದಿಯೊಬ್ಬನು ಅದನ್ನು ಮರಕ್ಕೆ ಸರಪಳಿಯಿಂದ ಕಟ್ಟಿದನಂತೆ. ಇದು ಇತಿಹಾಸವೋ ಕಟ್ಟುಕಥೆಯೋ, ಅದು ಬೇರೆಯ ಮಾತು. ನಾವು ನಡೆಯುವ ಪ್ರತಿಯೊಂದು ದಾರಿಯ ಹಿಂದೆಯೂ ಅದನ್ನು ಮೊದಲು ತೋರಿಸಿಕೊಟ್ಟ ಹೆಸರಿಲ್ಲದವರೊಬ್ಬರು ಇದ್ದಾರೆಂಬುದನ್ನು ಈ ಮರ ನೆನಪಿಸುತ್ತದೆ.

ಈ ಬೆಟ್ಟಗಳ ಚೆಲುವು ಕಣ್ಣಿಗೆ ತಂಪು; ಆದರೆ ಅದನ್ನು ನಂಬಿ ಮೈಮರೆಯಲಾಗದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ನೂರಾರು ಮಂದಿ ಮಲಗಿದಲ್ಲಿಯೇ ಮಣ್ಣುಪಾಲಾದರು. ಮುಂಗಾರಿನಲ್ಲಿ ಈ ಕಡೆ ಬರುವವನು ಹವಾಮಾನದ ಎಚ್ಚರಿಕೆಯನ್ನೂ ಊರವರ ಮಾತನ್ನೂ ಕೇಳದೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು.

ಹತ್ತು ದೀನಾರು, ಒಂದು ಜಮಖಾನ

ಕೋಳಿಕ್ಕೋಡಿನ ಕಡಲ ದಂಡೆಗೆ ಬಂದ ಒಬ್ಬಂಟಿಗರಲ್ಲಿ ಇಬ್ನ್ ಬತೂತನಿಗೆ ಸಮನಾದವರು ವಿರಳ. ಮೊರಾಕೊ ದೇಶದ ತಾಂಜಿಯರಿನಲ್ಲಿ 1304ರಲ್ಲಿ ಹುಟ್ಟಿದ ಈತನು 1325ರಲ್ಲಿ ಜೊತೆಗಾರರಿಲ್ಲದೆ ಮೆಕ್ಕಾ ಯಾತ್ರೆಗೆಂದು ಹೊರಟವನು, ತಾಯ್ನಾಡಿಗೆ ಮರಳಿದ್ದು 24 ವರ್ಷಗಳ ಮೇಲೆ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನು ಇವನನ್ನು ಚೀನಾ ದೇಶಕ್ಕೆ ರಾಯಭಾರಿಯಾಗಿ ನೇಮಿಸಿ, 1342ರ ಸುಮಾರಿಗೆ ಅಪಾರ ಕಾಣಿಕೆಗಳೊಡನೆ ಕಳುಹಿಸಿಕೊಟ್ಟನು. ಘಟ್ಟದ ಮೇಲಿನ ಕನ್ನಡನಾಡಿನಲ್ಲಿ ಹೊಯ್ಸಳರ ಆಳ್ವಿಕೆ ಕೊನೆಗಾಣುತ್ತ, ವಿಜಯನಗರವು ತಲೆಯೆತ್ತುತ್ತಿದ್ದ ಕಾಲವದು.

ಕೋಳಿಕ್ಕೋಡಿನಲ್ಲಿ ಚೀನೀ ಹಡಗುಗಳು ಸಿದ್ಧವಾಗಿ ನಿಂತಿದ್ದವು. ಶುಕ್ರವಾರದ ಪ್ರಾರ್ಥನೆಗಾಗಿ ಬತೂತನು ದಡದಲ್ಲಿ ಉಳಿದನು. ಅಷ್ಟರಲ್ಲಿ ಬಿರುಗಾಳಿ ಎದ್ದು ಕಾಣಿಕೆಗಳಿದ್ದ ಹಡಗು ಒಡೆದುಹೋಯಿತು. ಅವನ ಸಾಮಾನು ಸರಂಜಾಮುಗಳಿದ್ದ ಇನ್ನೊಂದು ಹಡಗಿನವರು ಹಾಯಿ ಬಿಚ್ಚಿ, ಅವನನ್ನು ಬಿಟ್ಟೇ ಹೊರಟುಹೋದರು. ದಾಸ್ಯದಿಂದ ಬಿಡುಗಡೆ ಮಾಡಿದ್ದ ಹುಡುಗನೊಬ್ಬನು ಜೊತೆಗಿದ್ದನು. ಒಡೆಯನ ಗತಿಯನ್ನು ಕಂಡು ಅವನೂ ಜಾಗ ಖಾಲಿಮಾಡಿದನು. ಸುಲ್ತಾನನ ರಾಯಭಾರಿಯ ಬಳಿ ಉಳಿದದ್ದು ಹತ್ತು ದೀನಾರು ಮತ್ತು ತಾನು ಮಲಗಿದ್ದ ಜಮಖಾನ.

ತನ್ನ ಹಡಗು ಕೊಲ್ಲಂ ಬಂದರಿಗೆ ಬಂದೀತೆಂಬ ಆಸೆಯಿಂದ ಅವನು ಹತ್ತು ದಿನಗಳ ಪಯಣ ಹೊರಟನು. ಜಮಖಾನ ಹೊರಲು ಕೂಲಿಯವನೊಬ್ಬನನ್ನು ಗೊತ್ತುಮಾಡಿಕೊಂಡು ಹಿನ್ನೀರಿನ ದೋಣಿಯಲ್ಲಿ ಸಾಗಿದನು. ಆ ಕೂಲಿಯವನೋ, ದಡಕ್ಕೆ ಇಳಿದಾಗಲೆಲ್ಲ ಕುಡಿದು ಜಗಳ ತೆಗೆಯುತ್ತಿದ್ದನಂತೆ! ಹಡಗು ಕೊಲ್ಲಂನಲ್ಲಿಯೂ ಸಿಗಲಿಲ್ಲ. ಬರಿಗೈಯಲ್ಲಿ ದೆಹಲಿಗೆ ಮರಳಿದರೆ ಸುಲ್ತಾನನ ಕೋಪಕ್ಕೆ ಗುರಿಯಾಗಬೇಕು. ಆಗ ಅವನಿಗೆ ನೆನಪಾದದ್ದು ನಮ್ಮ ಹೊನ್ನಾವರ. ಹೋಗುವಾಗ ಅಲ್ಲಿ ತಂಗಿದ್ದನು. ಅಲ್ಲಿನ ಸುಲ್ತಾನ ಜಮಾಲುದ್ದೀನನು ಆದರಿಸಿದ್ದನು. ಆ ಪಟ್ಟಣದಲ್ಲಿ ಹುಡುಗಿಯರಿಗಾಗಿಯೇ 13 ಪಾಠಶಾಲೆಗಳನ್ನೂ ಹುಡುಗರಿಗಾಗಿ 23 ಪಾಠಶಾಲೆಗಳನ್ನೂ ಕಂಡು, ಇಂಥದ್ದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಬೆರಗಾಗಿದ್ದನು. ಅಲ್ಲಿಗೇ ಮರಳಿ ಆಶ್ರಯ ಪಡೆದನು. ತಿಂಗಳುಗಟ್ಟಲೆ ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡು ಬೇಸತ್ತದ್ದನ್ನೂ ಆತನು ಮರೆಯದೆ ಹೇಳಿದ್ದಾನೆ.

ಎಲ್ಲವನ್ನೂ ಕಳೆದುಕೊಂಡ ಪರದೇಶಿಯು ಈ ತೀರದಲ್ಲಿ ಬದುಕಿ ಉಳಿದದ್ದು ಹೇಗೆ? ಉತ್ತರವನ್ನು ಅವನ ಪ್ರವಾಸಕಥನವೇ ಕೊಡುತ್ತದೆ. ಗೋವೆಯ ಕಡೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ಹಾದಿ. ಹಾದಿಯುದ್ದಕ್ಕೂ ಮರಗಳ ನೆರಳು. ಅರ್ಧ ಅರ್ಧ ಮೈಲಿಗೊಂದು ಮರದ ಚಾವಡಿ, ಕುಳಿತುಕೊಳ್ಳಲು ಜಗಲಿ, ಬಾವಿ, ನೀರು ಕೊಡಲು ಒಬ್ಬ ಆಳು. ಹಿಂದುವಿಗೆ ಪಾತ್ರೆಯಲ್ಲಿ ನೀರು, ಮುಸಲ್ಮಾನನಿಗೆ ಬೊಗಸೆಗೆ ನೀರು. ಮಡಿಮೈಲಿಗೆಯ ಗೋಡೆ ಗಟ್ಟಿಯಾಗಿಯೇ ಇದ್ದಿತು, ಆದರೆ ಬಾಯಾರಿದವನಿಗೆ ನೀರು ತಪ್ಪುತ್ತಿರಲಿಲ್ಲ. ಇದಕ್ಕಿಂತ ನಿರ್ಭಯವಾದ ದಾರಿಯನ್ನು ತಾನು ಕಂಡಿಲ್ಲವೆಂದು ಆತನು ಸಾರಿದ್ದಾನೆ. ಒಂದು ಕಾಯಿ ಕದ್ದವನಿಗೂ ಮರಣದಂಡನೆ ವಿಧಿಸುತ್ತಿದ್ದ ಕ್ರೂರ ಶಾಸನವೂ ಆ ನಿರ್ಭಯದ ಹಿಂದೆ ಇದ್ದಿತೆಂಬುದನ್ನು ಮುಚ್ಚಿಟ್ಟಿಲ್ಲ.

ಬಡಗಲಿಗೆ ಸಾಗಿದರೆ

ಇಂದಿನ ಪಯಣಿಗನು ಕೋಳಿಕ್ಕೋಡಿನಿಂದ ಬಡಗಲಿಗೆ ತಿರುಗಿದರೆ ಬತೂತನು ಹೆಸರಿಸಿದ ಬಂದರುಗಳೇ ಒಂದೊಂದಾಗಿ ಎದುರಾಗುತ್ತವೆ. ಹೆದ್ದಾರಿಯೂ ರೈಲುದಾರಿಯೂ ಕಡಲಿನ ಪಕ್ಕದಲ್ಲಿಯೇ ಮಂಗಳೂರಿನವರೆಗೆ ಬರುವುದರಿಂದ, ಮನಸ್ಸು ಬಂದಲ್ಲಿ ಇಳಿದು ಮನಸ್ಸು ಬಂದಾಗ ಏರಬಹುದು. ಮೊದಲು ಕಾಪ್ಪಾಡ್, 1498ರ ಮೇ ತಿಂಗಳಲ್ಲಿ ವಾಸ್ಕೊ ಡ ಗಾಮನು ಬಂದಿಳಿದ ನೆನಪಿಗೆ ಅಲ್ಲೊಂದು ಕಲ್ಲಿನ ಕಂಬವಿದೆ. ಅನತಿ ದೂರದಲ್ಲಿ ಬತೂತನು ಫಂದರಾಯಿನವೆಂದು ಕರೆದ ಪಂತಲಾಯಿನಿ. ಮುಂದೆ 1954ರವರೆಗೆ ಫ್ರೆಂಚರ ಆಳ್ವಿಕೆಯಲ್ಲಿದ್ದು, ಈಗ ಪುದುಚೇರಿಗೆ ಸೇರಿರುವ ಪುಟ್ಟ ಮಾಹೆ. ತಲಶ್ಶೇರಿ ಕಳೆದ ಮೇಲೆ ಮುಳಪ್ಪಿಲಂಗಾಡಿನ ತೀರ; ಸುಮಾರು ನಾಲ್ಕು ಕಿಲೋಮೀಟರು ಉದ್ದದ ಇಲ್ಲಿನ ಮರಳು ಮೋಟಾರುಗಳ ಭಾರವನ್ನು ತಾಳುವಷ್ಟು ಗಟ್ಟಿ. ಆದರೂ ಉಬ್ಬರದ ಹೊತ್ತನ್ನು ಬೆಸ್ತರಲ್ಲಿ ವಿಚಾರಿಸಿಕೊಳ್ಳದೆ ಮರಳಿಗಿಳಿಯುವುದು ಜಾಣತನವಲ್ಲ.

ಏಳಿಮಲೆಯ ಗುಡ್ಡ ಹಿಂದಾದ ಮೇಲೆ ಬೇಕಲದ ಕೋಟೆ. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದ ನಡುವೆ ಕಟ್ಟಿಸಿದ ಈ ಕೋಟೆಯ ಬುರುಜಿನಿಂದ ನೋಡಿದರೆ ಮೂರು ಕಡೆಯೂ ಕಡಲು. ಕಾಸರಗೋಡಿಗೆ ಬರುವಷ್ಟರಲ್ಲಿ ಅಂಗಡಿಗಳಲ್ಲಿ ಕನ್ನಡ ಕೇಳಿಬರುತ್ತದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ನೆನಪಿನ ಗಿಳಿವಿಂಡು ಉಂಟು. ಪರದೇಶವೆಂದು ಹೊರಟವನು ತನಗರಿಯದೆಯೇ ತನ್ನ ನುಡಿಯೊಳಗೆ ಬಂದು ನಿಂತಿರುತ್ತಾನೆ.

ಈ ಊರುಗಳಲ್ಲಿ ಜೋರಾದ ಗದ್ದಲವಿಲ್ಲ. ಮುಂಜಾನೆ ದೋಣಿಗಳು ದಡ ಸೇರುವಾಗ, ಸಂಜೆ ಚಹದ ಅಂಗಡಿ ತೆರೆದಾಗ ಮಾತ್ರ ಜನ ಸೇರುತ್ತಾರೆ. ಒಬ್ಬಂಟಿಯಾಗಿ ಬಂದವರಿಗೆ ಬೇಕಾದದ್ದು ಬಹಳವಲ್ಲ: ಕತ್ತಲಾಗುವ ಮುನ್ನ ತಂಗಲು ನೆಲೆ, ಕುಡಿಯಲು ಒಳ್ಳೆಯ ನೀರು, ಶುಚಿಯಾದ ಶೌಚಾಲಯ, ದೀಪವಿರುವ ಬಸ್ಸು ನಿಲ್ದಾಣ, ದಾರಿ ಕೇಳಿದರೆ ನಿಜ ಹೇಳುವ ಬಾಯಿ. ಗಂಡಸರು ಇವುಗಳಿಲ್ಲದೆಯೂ ಹೇಗೋ ನಿಭಾಯಿಸಿಯಾರು. ಒಬ್ಬಳೇ ಹೊರಟ ಹೆಣ್ಣುಮಗಳಿಗೆ ಇವುಗಳಲ್ಲಿ ಒಂದು ತಪ್ಪಿದರೂ ಪ್ರಯಾಣವೇ ನಿಂತುಹೋಗುತ್ತದೆ. “ಒಬ್ಬಳೇ ಹೇಗೆ?” ಎಂಬ ಮನೆಯವರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಹೊರಟವಳಿಗಿಂತ ಹೆಚ್ಚಾಗಿ ದಾರಿಯಲ್ಲಿ ಇರುವವರು.

ಗೊತ್ತುಗುರಿಯಿಲ್ಲದ ಪಯಣವು ಪಯಣಿಗನೊಬ್ಬನ ಧೈರ್ಯದಿಂದ ನಡೆಯುವುದಲ್ಲ. ಅವನು ಯೋಚಿಸದೆ ಹೊರಡುವುದು, ಅವನಿಗಾಗಿ ಬೇರೆಯವರು ಮೊದಲೇ ಯೋಚಿಸಿದ್ದಾರೆಂಬ ನಂಬಿಕೆಯಿಂದ. ಅರವಟ್ಟಿಗೆ ಇಟ್ಟವರು, ಛತ್ರ ಕಟ್ಟಿಸಿದವರು, ಬಾವಿ ತೋಡಿಸಿದವರು ನೀರು ಕುಡಿಯುವವನ ಹೆಸರು ಕೇಳಿದವರಲ್ಲ. ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ಕೊಡಗಳಲ್ಲಿ ನೀರು ಹೊತ್ತು 385 ಆಲದ ಮರಗಳನ್ನು ಗಂಡನೊಡನೆ ಬೆಳೆಸಿದ ಸಾಲುಮರದ ತಿಮ್ಮಕ್ಕ, ಆ ನೆರಳಿನಲ್ಲಿ ಯಾರು ಯಾರು ನಡೆದಾರೆಂದು ಲೆಕ್ಕ ಹಾಕಲಿಲ್ಲ. ನಮ್ಮ ಮನೆಯ ಮುಂದೆ ಹಾದುಹೋಗುವ ದಾರಿಯೂ ಯಾರೋ ಒಬ್ಬ ಅಪರಿಚಿತರಿಗೆ ಪರದೇಶದ ದಾರಿಯೇ. ಆ ದಾರಿಹೋಕರಿಗೆ ಅಲ್ಲಿ ಒಂದು ಲೋಟ ನೀರೂ ಒಂದು ಸರಿಯಾದ ಮಾತೂ ಸಿಗುವಂತಿದ್ದರೆ, ನಮ್ಮ ಮಕ್ಕಳು ದೂರದ ಕಡಲತೀರಕ್ಕೆ ಒಬ್ಬರೇ ಹೊರಟು ನಿಂತಾಗ ನಾವೂ ನೆಮ್ಮದಿಯಿಂದ ಕಳುಹಿಸಿಕೊಟ್ಟೇವು.