ದ್ರವ ತುಂಬುವ ದೊಡ್ಡ ಪಾತ್ರೆಗಳ ಆಯುಸ್ಸು

ಮನುಷ್ಯನಿಗಿರುವಂತೆ ಪಾತ್ರೆಗೂ ಒಂದು ಆಯುಸ್ಸು ಉಂಟು. ಮಣ್ಣಿನ ಹರವಿ ಬಿರುಕು ಬಿಡುವ ತನಕ ಬಾಳುತ್ತದೆ. ಹಿತ್ತಾಳೆಯ ಪಾತ್ರೆ ಕಲಾಯಿ ಇರುವ ತನಕ ಅಡಿಗೆಗೆ ಸಲ್ಲುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಿಸೆಹಣ್ಣಿನ ಸಾರು ಕಾಯಿಸಿದರೆ ಕಿಲುಬು ಬಿಡುತ್ತದೆಂಬುದನ್ನು ನಮ್ಮ ಮನೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾತ್ರೆಗೂ ಅದರೊಳಗಿನ ಪದಾರ್ಥಕ್ಕೂ ಹೊಂದಿಕೆ ಇರಬೇಕು. ಆ ಹೊಂದಿಕೆಯನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಕಾರ್ಖಾನೆಗಳಲ್ಲಿ ದ್ರವಗಳನ್ನು ತುಂಬಿಡುವ ದೊಡ್ಡ ಪಾತ್ರೆಗಳ ಶಾಸ್ತ್ರವೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ಲೋಹದ ಸಲಾಕೆಗಳ ಪಂಜರದೊಳಗೆ ಕುಳಿತ ಬಿಳಿಯ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಓದುಗರಲ್ಲಿ ಅನೇಕರು ಲಾರಿಗಳ ಮೇಲೋ ಗುಜರಿ ಅಂಗಡಿಗಳ ಮುಂದೋ ಕಂಡಿರಬಹುದು. ಕಾರ್ಖಾನೆಯವರು ಇದನ್ನು ಐ. ಬಿ. ಸಿ. ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇದು 1,000 ಲೀಟರು ಹಿಡಿಯುತ್ತದೆ. ತಳದ ಅಳತೆ 1,200 ಮಿಲಿಮೀಟರು ಉದ್ದ, 1,000 ಮಿಲಿಮೀಟರು ಅಗಲ. ಒಳಗಿನ ಸೀಸೆ ಗಟ್ಟಿ ಪಾಲಿಎಥಿಲೀನಿನದು; ಸುತ್ತಲಿನ ಪಂಜರ ಸತುವಿನ ಲೇಪವಿರುವ ಉಕ್ಕಿನದು; ಕೆಳಗೆ ಮರದ ಅಥವಾ ಉಕ್ಕಿನ ಮಣೆ. ಮೇಲೆ ಬಾಯಿ, ಕೆಳಗೆ ನಲ್ಲಿ. ಆಮ್ಲ, ಕ್ಷಾರ, ಬಣ್ಣ, ಸಾಬೂನಿನ ದ್ರಾವಣ, ಅಡಿಗೆಯ ಎಣ್ಣೆ, ಹಣ್ಣಿನ ರಸ, ಎಲ್ಲವೂ ಇಂಥ ಪಾತ್ರೆಗಳಲ್ಲಿ ಸಂಚರಿಸುತ್ತವೆ.

ಇದು ಎಷ್ಟು ವರ್ಷ ಬಾಳುತ್ತದೆ? ಅಪಾಯಕರ ದ್ರವಗಳ ಮಟ್ಟಿಗೆ ವಿಶ್ವಸಂಸ್ಥೆಯ ಸಾಗಾಣಿಕೆ ನಿಯಮಗಳು ಸ್ಪಷ್ಟವಾಗಿ ಉತ್ತರ ಹೇಳುತ್ತವೆ. ಒಳಸೀಸೆ ಪ್ಲಾಸ್ಟಿಕಿನದಾದರೆ ತಯಾರಾದ ದಿನದಿಂದ 5 ವರ್ಷ. ಶೇಕಡಾ 55ಕ್ಕೂ ಹೆಚ್ಚು ತೀಕ್ಷ್ಣವಾದ ನೈಟ್ರಿಕ್ ಆಮ್ಲವನ್ನು ತುಂಬುವುದಾದರೆ 2 ವರ್ಷ ಮಾತ್ರ. ಈ ಅವಧಿಯೊಳಗೂ ಎರಡೂವರೆ ವರ್ಷಕ್ಕೊಮ್ಮೆ ಸೋರಿಕೆಯ ಪರೀಕ್ಷೆ ನಡೆಯತಕ್ಕದ್ದು. ಉಕ್ಕಿನ ಪಾತ್ರೆಗೆ ಇಂಥ ಗಡುವಿಲ್ಲ. ಕಾಲಕಾಲಕ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದರೆ ಅದು ದಶಕಗಳ ಕಾಲ ದುಡಿಯಬಲ್ಲದು.

ಪ್ಲಾಸ್ಟಿಕಿಗೆ ಮೂವರು ಶತ್ರುಗಳು. ಮೊದಲನೆಯದು ಬಿಸಿಲು. ಸೂರ್ಯರಶ್ಮಿಯ ಅತಿನೇರಳೆ ಕಿರಣಗಳು ಪಾಲಿಎಥಿಲೀನಿನ ಅಣುಗಳ ಉದ್ದನೆಯ ಸರಪಣಿಗಳನ್ನು ಕತ್ತರಿಸುತ್ತವೆ. ಆಗ ಸೀಸೆ ಹಳದಿಗೆ ತಿರುಗಿ, ಮುಟ್ಟಿದರೆ ಸುಣ್ಣದಂಥ ಪುಡಿ ಅಂಟಿ, ಕೊನೆಗೆ ಹಪ್ಪಳದಂತೆ ಮುರಿಯುವ ಸ್ಥಿತಿಗೆ ಬರುತ್ತದೆ. ಎರಡನೆಯದು ಒಳಗಿನ ದ್ರವ. ಸಾಬೂನಿನಂಥ ನಿರುಪದ್ರವಿ ದ್ರಾವಣವೂ ಬಿಗಿತಕ್ಕೆ ಒಳಗಾದ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಹುಟ್ಟಿಸಬಲ್ಲದು. ಮೂರನೆಯದು ನಿರ್ವಾಹ. ಒಂದು ಸಾವಿರ ಲೀಟರು ನೀರು ಒಂದು ಟನ್ ತೂಗುತ್ತದೆ. ಅಷ್ಟೇ ತೀಕ್ಷ್ಣ ಗಂಧಕಾಮ್ಲ ಸುಮಾರು 1,840 ಕಿಲೋಗ್ರಾಂ ತೂಗುತ್ತದೆ. ನೀರಿಗೆ ತಕ್ಕ ಪಾತ್ರೆ ಆಮ್ಲಕ್ಕೆ ತಕ್ಕದ್ದಲ್ಲ. ಮುಚ್ಚಳ ಬಿಗಿದಂತೆಯೇ ಕೆಳಗಿನ ನಲ್ಲಿ ತೆರೆದರೆ ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ಹೊರಗಿನ ವಾಯುಭಾರವೇ ಸೀಸೆಯನ್ನು ಹಿಂಡಿಬಿಡುತ್ತದೆ.

ಪಾತ್ರೆಯ ಜಾತಕ ಪಾತ್ರೆಯ ಮೇಲೆಯೇ ಬರೆದಿರುತ್ತದೆ. ಪಂಜರಕ್ಕೆ ಹಚ್ಚಿದ ತಗಡಿನಲ್ಲಿ ‘31ಎಚ್‌ಎ1’ ಎಂದಿದ್ದರೆ 31 ಎಂಬುದು ದ್ರವಕ್ಕೆ, ಎಚ್ ಪ್ಲಾಸ್ಟಿಕಿಗೆ, ಎ ಉಕ್ಕಿಗೆ ಸಂಕೇತ. ಪಕ್ಕದಲ್ಲಿ ತಯಾರಾದ ತಿಂಗಳು ಮತ್ತು ವರ್ಷ, ಮೇಲೆ ಹೇರಬಹುದಾದ ಭಾರ ಇವು ಇರುತ್ತವೆ. ತಗಡು ಇಲ್ಲದ ಪಾತ್ರೆ ಹುಟ್ಟಿದ ದಿನ ತಿಳಿಯದ ಎತ್ತಿನಂತೆ. ಮಾರುವವನ ಮಾತೊಂದನ್ನೇ ನಂಬಿ ಕೊಳ್ಳಬಾರದು.

ಪಾತ್ರೆ ಒಡೆಯುವ ಮುನ್ನ ಸಾಮಾನ್ಯವಾಗಿ ಎಚ್ಚರಿಕೆ ಕೊಡುತ್ತದೆ. ಅದನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಬಾಸ್ಟನ್ ನಗರದ ದುರಂತವೊಂದು ಸಾಕ್ಷಿ. ಅಲ್ಲಿ 1915ರಲ್ಲಿ ಕಾಕಂಬಿಯನ್ನು ಶೇಖರಿಸಲು 50 ಅಡಿ ಎತ್ತರ, 90 ಅಡಿ ವ್ಯಾಸದ ಉಕ್ಕಿನ ತೊಟ್ಟಿಯೊಂದನ್ನು ಕಟ್ಟಿದರು. ನೀರು ತುಂಬಿ ಸರಿಯಾಗಿ ಪರೀಕ್ಷಿಸಲಿಲ್ಲ. ತಗಡಿನ ದಪ್ಪವೂ ಸಾಲದಾಗಿತ್ತು. ಮೊದಲಿನಿಂದಲೂ ಬೆಸುಗೆಯಿಲ್ಲದ ಮೊಳೆಯ ಸಂದುಗಳಲ್ಲಿ ಕಾಕಂಬಿ ಜಿನುಗುತ್ತಿತ್ತು. ನೆರೆಯ ಮಕ್ಕಳು ಅದನ್ನು ಡಬ್ಬಿಗಳಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಒಡೆಯರು ಸಂದುಗಳನ್ನು ಭದ್ರಪಡಿಸುವ ಬದಲು, ಸೋರಿಕೆ ಕಣ್ಣಿಗೆ ಬೀಳದಂತೆ ತೊಟ್ಟಿಗೆ ಕಂದು ಬಣ್ಣ ಬಳಿಸಿದರು. 1919ರ ಜನವರಿ 15ರಂದು ತೊಟ್ಟಿ ಸಿಡಿಯಿತು. ಸುಮಾರು 87 ಲಕ್ಷ ಲೀಟರು ಕಾಕಂಬಿ ಅಲೆಯಾಗಿ ಬೀದಿಗಳಿಗೆ ನುಗ್ಗಿ 21 ಜನರನ್ನು ಕೊಂದಿತು. ಸುಮಾರು 150 ಜನರು ಗಾಯಗೊಂಡರು. ತೊಟ್ಟಿಗೆ ಆಗ ವಯಸ್ಸು ನಾಲ್ಕು ವರ್ಷವೂ ತುಂಬಿರಲಿಲ್ಲ. ಆಯುಸ್ಸನ್ನು ಪಂಚಾಂಗವೊಂದೇ ನಿರ್ಣಯಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆರೈಕೆಯ ಕ್ರಮ ಕಷ್ಟವಾದುದೇನೂ ಅಲ್ಲ. ಪ್ಲಾಸ್ಟಿಕ್ ಪಾತ್ರೆಯನ್ನು ನೆರಳಿನಲ್ಲಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ ಇಡಬೇಕು. ದ್ರವ ಇಳಿಸುವಾಗ ಮೇಲಿನ ಮುಚ್ಚಳ ಸಡಿಲಿಸಬೇಕು. ನಲ್ಲಿಯ ಬುಡದ ವಾಷರನ್ನು ಆಗಾಗ ನೋಡಿ, ಗಡುಸಾಗಿದ್ದರೆ ಅಥವಾ ಉಬ್ಬಿದ್ದರೆ ಬದಲಾಯಿಸಬೇಕು. ಪಂಜರದ ಸಲಾಕೆ ಬಾಗಿದ್ದರೆ, ಮಣೆ ಮುರಿದಿದ್ದರೆ ಒಂದರ ಮೇಲೊಂದು ಪೇರಿಸಕೂಡದು. ಖಾಲಿಯಾದೊಡನೆ, ಒಳಗಿನ ಪದಾರ್ಥಕ್ಕೆ ತಕ್ಕ ರೀತಿಯಲ್ಲಿ ತೊಳೆಯಬೇಕು. ಒಂದರ ಶೇಷದ ಮೇಲೆ ಇನ್ನೊಂದನ್ನು ಸುರಿಯಬಾರದು. ಬಟ್ಟೆ ಬಿಳುಪು ಮಾಡುವ ಬ್ಲೀಚಿನ ದ್ರಾವಣಕ್ಕೆ ಆಮ್ಲ ಸೇರಿದರೆ ಕ್ಲೋರೀನ್ ಎಂಬ ವಿಷವಾಯು ಏಳುತ್ತದೆ. ಉಕ್ಕಿನ ತೊಟ್ಟಿಯಾದರೆ ತಳದ ಅಡಿಭಾಗವನ್ನು ಮುಖ್ಯವಾಗಿ ಪರೀಕ್ಷಿಸಬೇಕು. ತುಕ್ಕು ಕಣ್ಣಿಗೆ ಮರೆಯಾದ ಜಾಗವನ್ನೇ ಆಶ್ರಯಿಸುತ್ತದೆ. ತೊಟ್ಟಿಯ ಸುತ್ತ ಒಳಗಿನ ದ್ರವವಷ್ಟನ್ನೂ ಹಿಡಿಯುವ ಕಟ್ಟೆ ಇದ್ದರೆ, ಸೋರಿದ್ದು ಬಾವಿಯನ್ನೋ ಹೊಳೆಯನ್ನೋ ಸೇರುವುದು ತಪ್ಪುತ್ತದೆ.

ಇದೆಲ್ಲ ಕಾರ್ಖಾನೆಯವರ ಮಾತಾಯಿತು, ಗೃಹಸ್ಥರಿಗೇನು ಎಂದು ಕೇಳಬಹುದು. ಗುಜರಿ ಸೇರಿದ ಈ ಪಾತ್ರೆಗಳು ಕಡಿಮೆ ಬೆಲೆಗೆ ಸಿಕ್ಕುತ್ತವೆ. ಬೇಸಗೆಯಲ್ಲಿ ನೀರಿನ ಅಭಾವ ತಲೆದೋರಿದಾಗ ಅವನ್ನು ಅಂಗಳದಲ್ಲಿಟ್ಟು ನೀರು ತುಂಬುವ ಆಸೆ ಹುಟ್ಟುವುದು ಸ್ವಾಭಾವಿಕ. ಆದರೆ ಕಂಚು ಹಿತ್ತಾಳೆಗಳಂತೆ ಪ್ಲಾಸ್ಟಿಕನ್ನು ಹುಳಿ ಹಾಕಿ ತಿಕ್ಕಿ ಶುದ್ಧಿಮಾಡಲಾಗದು. ಕೀಟನಾಶಕ, ತಿನ್ನರು ಮೊದಲಾದವು ಅದರ ಮೈಯೊಳಕ್ಕೇ ಹೀರಿಹೋಗಿ, ಎಷ್ಟು ತೊಳೆದರೂ ಮುಂದೆ ಸ್ವಲ್ಪಸ್ವಲ್ಪವಾಗಿ ನೀರಿಗೆ ಇಳಿಯುತ್ತಿರುತ್ತವೆ. ವಾಸನೆ ಬಾರದಿದ್ದರೆ ದೋಷವಿಲ್ಲವೆಂದು ತಿಳಿಯುವುದು ತಪ್ಪು. ಹಿಂದೆ ಆಹಾರಪದಾರ್ಥವನ್ನೇ ತುಂಬಿದ್ದರೆಂಬುದು ಚೀಟಿಯಿಂದ ಖಚಿತವಾಗದ ಪಾತ್ರೆಯನ್ನು ಕುಡಿಯುವ ನೀರಿಗಾಗಲಿ, ದನಕರುಗಳ ಕಲಗಚ್ಚಿಗಾಗಲಿ, ಸೊಪ್ಪುತರಕಾರಿಯ ಮಡಿಗಾಗಲಿ ಬಳಸಕೂಡದು. ಖಾಲಿ ಪೀಪಾಯಿಯನ್ನೋ ತೊಟ್ಟಿಯನ್ನೋ ಬೆಂಕಿಯ ಸಲಕರಣೆಯಿಂದ ಕತ್ತರಿಸಲೂ ಕೂಡದು. ದ್ರವ ಮುಗಿದ ಮೇಲೂ ಅದರ ಆವಿ ಒಳಗಿರುತ್ತದೆ. ಗಾಳಿಯೊಡನೆ ಬೆರೆತ ಆ ಆವಿಗೆ ಒಂದು ಕಿಡಿ ಸಾಕು.

ನಮ್ಮ ನುಡಿಯಲ್ಲಿ ‘ಪಾತ್ರ’ ಎಂದರೆ ಯೋಗ್ಯ ಎಂಬ ಅರ್ಥವೂ ಉಂಟು. ಅಯೋಗ್ಯನಿಗೆ ಕೊಟ್ಟದ್ದನ್ನು ಅಪಾತ್ರದಾನವೆನ್ನುತ್ತೇವೆ. ಕೊಳ್ಳುವ ಪಾತ್ರೆಗೂ ಈ ಪಾತ್ರತೆ ಬೇಕು. ಅದರಲ್ಲಿ ಮೊದಲು ಏನಿತ್ತು, ಅದು ಯಾವ ವರ್ಷದ್ದು, ಈಗ ಅದರ ಮೈ ಹೇಗಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಹಣ ಕೊಡುವುದು ಲೇಸು. ಒಂದಕ್ಕೆ ಉತ್ತರ ಸಿಕ್ಕದಿದ್ದರೂ ಆ ಪಾತ್ರೆ ಎಷ್ಟೇ ಅಗ್ಗವಾಗಿರಲಿ, ಮನೆಗೆ ತಾರದಿರುವುದೇ ಕ್ಷೇಮ.