ಹೆರಿಗೆ ಕೋಣೆಯಲ್ಲಿ ಹುಟ್ಟಿದ ಪ್ರಶ್ನೆ



ಮನೆ ಭೇಟಿಗೆ ಹೋಗಿದ್ದಾಗ ಒಬ್ಬ ಅಜ್ಜಿ ನನ್ನನ್ನು ಬಾಗಿಲಲ್ಲೇ ತಡೆದರು. ಸೊಸೆಗೆ ಎಂಟನೇ ತಿಂಗಳಲ್ಲೇ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. “ಏಳರಲ್ಲಿ ಹುಟ್ಟಿದ್ದು ಉಳಿಯುತ್ತೆ, ಎಂಟರದ್ದು ಉಳಿಯಲ್ಲ ಅಂತಾರಲ್ಲ ಫಾದರ್?” ಎಂದು ಕಣ್ಣೊರೆಸಿಕೊಂಡರು.

ಈ ಮಾತು ನಮ್ಮ ಎಷ್ಟೋ ಮನೆಗಳಲ್ಲಿದೆ. ಆದರೆ ಅದು ನಿಜವಲ್ಲ. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿಗೆ ಬಲ. ಆದ್ದರಿಂದ ಏಳರ ಮಗುವಿಗಿಂತ ಎಂಟರ ಮಗು ಉಳಿಯುವ ಸಾಧ್ಯತೆಯೇ ಹೆಚ್ಚು.

37 ವಾರ ತುಂಬುವ ಮೊದಲೇ ಆಗುವ ಹೆರಿಗೆಗೆ ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ದೇಶದವರು. ಇಂಥ ಮಕ್ಕಳಿಗೆ ಇಂದು ಸಿಗುವ ಆಸರೆಯ ಹಿಂದೆ, ರೋಗಿಯನ್ನೂ ನೋಡಿಕೊಂಡು ಸಂಶೋಧನೆಯನ್ನೂ ಮಾಡಿದ ವೈದ್ಯರ ಶ್ರಮವಿದೆ.

ಕುರಿಮರಿ ಕಲಿಸಿದ ಪಾಠ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಹೆರಿಗೆ ವೈದ್ಯರಿದ್ದರು. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು ಉಸಿರಿಗಾಗಿ ಒದ್ದಾಡಿ ಸಾಯುವುದನ್ನು ಅವರು ಕಂಡಿದ್ದರು. ಹೆರಿಗೆ ಶುರುವಾಗುವುದು ಹೇಗೆ ಎಂದು ತಿಳಿದರೆ ಅದನ್ನು ತಡೆಯಬಹುದಲ್ಲವೇ ಎಂಬುದು ಅವರ ಪ್ರಶ್ನೆ. ಉತ್ತರ ಹುಡುಕುತ್ತಾ ಅವರು ಕುರಿಗಳ ಬಳಿಗೆ ಹೋದರು. ಗರ್ಭದಲ್ಲಿರುವ ಮರಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಕೊಟ್ಟಾಗ ಅವಧಿಗೆ ಮೊದಲೇ ಹೆರಿಗೆ ಆಯಿತು. ಮನುಷ್ಯರಲ್ಲಿ ಅದು ಹಾಗೆ ನಡೆಯುವುದಿಲ್ಲ. ಹಾಗಾಗಿ ಹೆರಿಗೆಯನ್ನು ತಡೆಯುವ ಉಪಾಯ ಅವರಿಗೆ ಸಿಗಲಿಲ್ಲ.

ಆದರೆ ಅವರ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಉಸಿರಾಡಲಾಗದಷ್ಟು ಬೇಗ ಹುಟ್ಟಿದ ಒಂದು ಮರಿ ಉಸಿರಾಡಿತ್ತು. ಅದರ ಶ್ವಾಸಕೋಶ ಭಾಗಶಃ ಅರಳಿತ್ತು! ಒದ್ದೆ ಪ್ಲಾಸ್ಟಿಕ್ ಚೀಲದ ಎರಡು ಬದಿ ಅಂಟಿಕೊಳ್ಳುವುದನ್ನು ನೀವು ನೋಡಿದ್ದೀರಿ. ಬೇಗ ಹುಟ್ಟಿದ ಮಗುವಿನ ಶ್ವಾಸಕೋಶದ ಪುಟ್ಟ ಗಾಳಿಚೀಲಗಳೂ ಹಾಗೆಯೇ ಅಂಟಿಕೊಳ್ಳುತ್ತವೆ. ಅದನ್ನು ತಪ್ಪಿಸುವ ಸಾಬೂನಿನಂಥ ದ್ರವ ತಯಾರಾಗುವುದು ಗರ್ಭದ ಕೊನೆಯ ವಾರಗಳಲ್ಲಿ. ಹಾರ್ಮೋನು ಆ ಕೆಲಸವನ್ನು ಬೇಗ ಮಾಡಿಸಿತ್ತು.

ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಇದೇ ಬಗೆಯ ಔಷಧವನ್ನು ತಾಯಂದಿರಿಗೆ ಸೂಜಿಯ ಮೂಲಕ ಕೊಟ್ಟು ಪರೀಕ್ಷಿಸಿದರು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತಿತ್ತು. 282 ತಾಯಂದಿರ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ತಾನಾಗಿ ಬೇಗ ಹೆರಿಗೆಯಾದವರಲ್ಲಿ, ಔಷಧವಿಲ್ಲದ ಗುಂಪಿನ ನೂರಕ್ಕೆ 15 ಶಿಶುಗಳು ಹುಟ್ಟಿದ ಮೊದಲ ದಿನಗಳಲ್ಲೇ ತೀರಿಕೊಂಡಿದ್ದವು. ಔಷಧ ಪಡೆದವರಲ್ಲಿ ಆ ಸಂಖ್ಯೆ ನೂರಕ್ಕೆ 3.2 ಮಾತ್ರ. ಆದರೂ ಅಮೆರಿಕದ ತಜ್ಞರ ಸಮಿತಿ ಇದನ್ನು ಸ್ಪಷ್ಟವಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ಆ 22 ವರ್ಷಗಳಲ್ಲಿ ಉಳಿಯಬಹುದಾಗಿದ್ದ ಎಷ್ಟು ತೊಟ್ಟಿಲುಗಳು ಬರಿದಾದವೋ!

ಒಳ್ಳೆಯ ಔಷಧಕ್ಕೂ ಪರೀಕ್ಷೆ ಬೇಕು

ಇದನ್ನು ಹಳ್ಳಿಹಳ್ಳಿಗೂ ಒಯ್ದರೆ ಹೇಗೆ? ನಮ್ಮ ಬೆಳಗಾವಿ, ನಾಗಪುರ ಪ್ರದೇಶಗಳೂ ಸೇರಿ ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ಗಮನಿಸಿದ ಅಧ್ಯಯನ 2015ರಲ್ಲಿ ಹೊರಬಂತು. ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಒಟ್ಟಾರೆ ಶಿಶುಮರಣ ಇಳಿಯುವ ಬದಲು ತುಸು ಏರಿತ್ತು. ತಾಯಂದಿರಲ್ಲಿ ಸೋಂಕಿನ ಲಕ್ಷಣಗಳೂ ಹೆಚ್ಚಿದ್ದವು. ಗರ್ಭಕ್ಕೆ ಎಷ್ಟು ವಾರವೆಂದು ನಿಖರವಾಗಿ ತಿಳಿಯದೆ, ತಿಂಗಳು ತುಂಬಿ ಹೆರುವ ಎಷ್ಟೋ ತಾಯಂದಿರಿಗೂ ಔಷಧ ಹೋಗಿತ್ತು.

ವೈದ್ಯರು ಅಲ್ಲಿಗೇ ನಿಲ್ಲಲಿಲ್ಲ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2,852 ತಾಯಂದಿರೊಡನೆ ಮತ್ತೆ ಪರೀಕ್ಷೆ ನಡೆಸಿತು. ಈ ಸಲ ಸ್ಕ್ಯಾನ್ ಮಾಡಿ ವಾರಗಳನ್ನು ಖಚಿತಪಡಿಸಿಕೊಂಡರು. ಶಿಶುಗಳ ಆರೈಕೆಗೆ ವ್ಯವಸ್ಥೆಯೂ ಇತ್ತು. ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿದದ್ದು 2020ರಲ್ಲಿ ವರದಿಯಾಯಿತು. ಔಷಧ ಒಳ್ಳೆಯದೇ, ಆದರೆ ಸರಿಯಾದ ತಾಯಿಗೆ, ಸರಿಯಾದ ವೇಳೆಯಲ್ಲಿ, ಸರಿಯಾದ ಜಾಗದಲ್ಲಿ.

ಅದೇ ವರ್ಷ ಬಂದ ಇನ್ನೊಂದು ವರದಿ ಅವಧಿಪೂರ್ವ ಹೆರಿಗೆಯನ್ನೇ ತಡೆಯುವ ಬಗ್ಗೆ ಇತ್ತು. ಬೆಳಗಾವಿಯ ತಾಯಂದಿರೂ ಸೇರಿ ಚೊಚ್ಚಲ ಬಸಿರಿನ ಸುಮಾರು 12 ಸಾವಿರ ಮಹಿಳೆಯರು ಅದರಲ್ಲಿ ಭಾಗವಹಿಸಿದ್ದರು. ಗರ್ಭದ ಆರಂಭದಿಂದ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ನೂರಕ್ಕೆ 11.6, ಪಡೆಯದವರಲ್ಲಿ 13.1. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನುಂಗಬಾರದು. ಯಾರಿಗೆ ಬೇಕೆಂದು ವೈದ್ಯರೇ ಹೇಳಬೇಕು.

ನಾವೇನು ಮಾಡಬಹುದು?

ಕೊನೆಯ ಮುಟ್ಟಿನ ದಿನಾಂಕವನ್ನು ಬರೆದಿಡಿ. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನ್ ಮಾಡಿಸಿ. ದಿನ ತುಂಬುವ ಮೊದಲೇ ಹೊಟ್ಟೆ ಮತ್ತೆ ಮತ್ತೆ ಬಿಗಿದು ನೋವು ಬಂದರೆ, ನೀರು ಹೋದರೆ ಅಥವಾ ರಕ್ತ ಕಂಡರೆ, ಬೆಳಗಾಗಲಿ ಎಂದು ಕಾಯಬೇಡಿ. ಶಿಶು ಆರೈಕೆ ಘಟಕವಿರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಸೂಜಿಮದ್ದು ಪೂರ್ಣ ಫಲ ಕೊಡಲು ಒಂದೆರಡು ದಿನ ಬೇಕು.

ಅಜ್ಜಿಯ ಸೊಸೆಗೂ ಆಸ್ಪತ್ರೆಯಲ್ಲಿ ಅಂಥ ಸೂಜಿಮದ್ದು ಕೊಟ್ಟಿದ್ದರು. ಕೂಸು ಮೂರು ವಾರ ಶಿಶು ಘಟಕದಲ್ಲಿದ್ದು ಮನೆಗೆ ಬಂತು. ಎಲ್ಲೋ ದೂರದ ಊರಿನಲ್ಲಿ, ತಮಗೆ ಔಷಧ ಸಿಗುತ್ತದೋ ಇಲ್ಲವೋ ತಿಳಿಯದೆ ಆ ಪರೀಕ್ಷೆಗೆ ಒಪ್ಪಿದ ತಾಯಂದಿರ ಹೆಸರು ನಮಗೆ ಗೊತ್ತಿಲ್ಲ. ಆದರೆ ಅಜ್ಜಿಯ ಮಡಿಲಲ್ಲಿ ಮಲಗಿರುವ ಆ ಕೂಸಿನ ಉಸಿರಿನಲ್ಲಿ ಅವರ ಪಾಲೂ ಇದೆ.