ಶೇಂಗಾ ಹೊಲದ ಹೂನೊಣ

ಪ್ರಶ್ನೆ: ಹೂನೊಣ ಕಾಡಿನ ಕೀಟವಲ್ಲವೇ? ಚಳ್ಳಕೆರೆ, ಮೊಳಕಾಲ್ಮುರಿನ ಬಯಲಲ್ಲಿ ಅದಕ್ಕೇನು ಕೆಲಸ?

ಉತ್ತರ: ಹೂನೊಣ ಎಲ್ಲಿರಬೇಕೆಂಬುದನ್ನು ಮರಗಳಿಗಿಂತ ಹೆಚ್ಚಾಗಿ ಅದರ ಮರಿಹುಳುವಿನ ಆಹಾರ ನಿರ್ಧರಿಸುತ್ತದೆ. ಕೊಳೆತ ಮರದ ಪೊಟರೆಯಲ್ಲಿ ಬೆಳೆಯುವ ಜಾತಿಗಳಿಗೆ ಹಳೆಯ ಕಾಡು ಬೇಕೇ ಬೇಕು. ಆದರೆ ಭಾರತದಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂಬ ಹೂನೊಣದ ಮರಿಗೆ ಬೇಕಾದದ್ದು ಸಸ್ಯಹೇನು. ಶೇಂಗಾ, ಅಲಸಂದೆಯ ಎಳೆಗುಡಿಗೆ ಕಪ್ಪು ಹೇನು ಮುತ್ತಿದಾಗ ತಾಯಿನೊಣ ಅಲ್ಲೇ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಕಾಲಿಲ್ಲದ, ಕಣ್ಣಿಲ್ಲದ ಮರಿ ತಡಕಾಡುತ್ತಲೇ ಹೇನನ್ನು ಹಿಡಿದು ರಸ ಹೀರುತ್ತದೆ. ಬೆಳೆಯಿಲ್ಲದ ಬೇಸಿಗೆಯಲ್ಲಿ ಏನು ಗತಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಬದುವಿನ ಎಕ್ಕಕ್ಕೆ ಹತ್ತುವ ಹಳದಿ ಹೇನೂ ಇದಕ್ಕೆ ಆಹಾರ. ಹಾಗಾಗಿ ಎಕ್ಕವನ್ನು ಕಳೆಯೆಂದು ಕಡೆಗಣಿಸಬಾರದು. ಜೇನಿನಂತೆ ಪಟ್ಟೆಯಿದ್ದರೂ ಈ ಹೂನೊಣಕ್ಕೆ ರೆಕ್ಕೆ ಎರಡೇ, ಕೊಂಡಿಯಿಲ್ಲ. ಬೆಳೆದ ನೊಣ ಬದುಕುವುದು ಮಕರಂದ, ಪರಾಗದ ಮೇಲೆ. ಹೇನು ಕಂಡೊಡನೆ ಔಷಧಿ ಹೊಡೆದರೆ ಅದನ್ನು ತಿನ್ನುವ ಈ ಮರಿಗಳೂ ಸಾಯುತ್ತವೆ.